ಡಾಬಕಾದ ಅಸೀಲ್ ಕೋಳಿಗಳ ಬಗ್ಗೆ ಗಂಗುಬಾಯಿಯ ಹೇಳಿಕೆ

ನನ್ನ ಹೆಸರು ಗಂಗುಬಾಯಿ, ಗಂಡನ ಹೆಸರು ಕಾಶೀನಾಥ, ವಯಸ್ಸು 61, ಉದ್ಯೋಗ ಒಕ್ಕಲುತನ ಹಾಗೂ ಕೋಳಿ ಸಾಕಣೆ, ವಾಸ ಡಾಬಕಾ, ತಾಲ್ಲೂಕು ಔರಾದ, ಜಿಲ್ಲೆ ಬೀದರ. ಇಂದು ಭಾಲ್ಕಿ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಮನೆಯ ಅಸೀಲ್ ತಳಿ ನನ್ನ ಅತ್ತೆಯಿಂದ ಬಂದದ್ದು. ನಲವತ್ತು ವರ್ಷದಿಂದ ಸಾಕುತ್ತಿದ್ದೇನೆ. ಮರಿಗಳಿಗೆ ಮೊದಲ ವಾರ ಜೋಳದ ನುಚ್ಚು, ಆಮೇಲೆ ಗೆದ್ದಲು. ಗೆದ್ದಲಿಗಾಗಿ ಸಂಜೆ ಸಗಣಿ ತುಂಬಿದ ಗಡಿಗೆಯನ್ನು ಹೊಲದಲ್ಲಿ ಬೋರಲು ಹಾಕಿ ಬೆಳಿಗ್ಗೆ ಎತ್ತಬೇಕು. ಇದೆಲ್ಲ ಬೇಡ ಎಂದು ಹೇಳಿಕೆ ಬರೆದುಕೊಳ್ಳುತ್ತಿದ್ದ ಠಾಣೆಯ ಸಾಹೇಬರು ಹೇಳಿದರು. ಬೇಕು, ಬರೆದುಕೊಳ್ಳಿ ಎಂದೆ.

ದಿನಾಂಕ 11-03-2024ರಂದು ಬೆಳಿಗ್ಗೆ 10 ಗಂಟೆಗೆ ನನ್ನ ತಮ್ಮನ ಮಗ ರವಿಕಿರಣ, ವಾಸ ನೌಬಾದ, ಒಂದು ತಿಂಗಳ 12 ಮರಿಗಳನ್ನು ನನ್ನಿಂದ ಒಯ್ದು ಭಾಲ್ಕಿಯ ನಿವೃತ್ತ ಗುಮಾಸ್ತ ಭಾಲಚಂದ್ರ ಅವರಿಗೆ ಕ್ರಯಕ್ಕೆ ಕೊಟ್ಟನು.

ದಿನಾಂಕ 14-07-2024ರಂದು ಬೆಳಿಗ್ಗೆ 8:15ಕ್ಕೆ ಭಾಲಚಂದ್ರ ಫೋನ್ ಮಾಡಿದರು. ಅಸೀಲಿನ ಜುಟ್ಟು ಗಿಡ್ಡಗಿದ್ದು ತಲೆಗೆ ಅಂಟಿಕೊಂಡಿರುತ್ತದೆ. ಅವರ ಐದು ಕೋಳಿಗಳಿಗೆ ಗರಗಸದ ಹಾಗೆ ಎದ್ದು ನಿಂತ ಜುಟ್ಟು ಬಂದಿದೆ, ಇವು ನಿಮ್ಮವೇ ಹೌದೇ ಎಂದು ವಿಚಾರಿಸಿದರು. ನಾನು ಕೋಳಿ ನೋಡಿರಲಿಲ್ಲ. ನಮ್ಮವು ಹಾಗೆ ಬರುವುದಿಲ್ಲ, ಹುಡುಗನೇ ದಾರಿಯಲ್ಲಿ ಬದಲಿ ಮಾಡಿರಬೇಕು ಎಂದೆ.

8:30ಕ್ಕೆ ರವಿಕಿರಣನಿಗೆ ಫೋನ್ ಮಾಡಿ, ನನ್ನ ಹೆಸರು ಮಣ್ಣುಪಾಲು ಮಾಡಿದೆ ಎಂದು ಬಾಯಿಗೆ ಬಂದಂತೆ ಬೈದೆ. "ಅತ್ತಿ, ನಿಮ್ಮ ಆಣಿ, ನಾ ಬದಲಿ ಮಾಡಿಲ್ರಿ" ಎಂದನು. ಫೋನ್ ಕಟ್ ಮಾಡಿದೆ. ನನ್ನ ಮಾತು ನಂಬಿ ಭಾಲಚಂದ್ರ ಅವನ ಮೇಲೆ ಮೋಸದ ದೂರು ಕೊಟ್ಟರು.

ಇಂದು 6:20ರ ಬಸ್ಸಿಗೆ ಹೊರಟು 10:40ಕ್ಕೆ ಠಾಣೆಗೆ ಬಂದೆನು. ರವಿಕಿರಣ ಬೆಂಚಿನ ಮೇಲೆ ಕುಳಿತಿದ್ದನು. ಎದ್ದು ನನ್ನ ಕೈಚೀಲ ಇಸಿದುಕೊಂಡನು. 11 ಗಂಟೆಗೆ ಭಾಲಚಂದ್ರ ಠಾಣೆಗೆ ತಂದಿದ್ದ 12 ಕೋಳಿಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಮರಿ ಹುಟ್ಟಿದ ಮೂರನೇ ದಿನ ನಾನು ಎಡಗಾಲಿನ ಬೆರಳ ಸಂದಿಯ ತೊಗಲಿಗೆ ದಬ್ಬಣದಿಂದ ತೂತು ಹಾಕುತ್ತೇನೆ. ಇದು ರವಿಕಿರಣನಿಗೂ ಗೊತ್ತಿಲ್ಲ. ಹನ್ನೆರಡಕ್ಕೂ ತೂತು ಇತ್ತು. ಕೋಳಿಗಳು ನನ್ನವೇ. ಐದು ಬೆರಕೆ ಎಂಬುದೂ ನಿಜ. ನೀರು ಕೇಳಿ ಕುಡಿದೆನು.

ಬೆರಕೆ ಎಲ್ಲಿ ಆಯಿತೆಂಬುದು ಆಗ ನೆನಪಾಯಿತು. 2021ರ ಜೂನಿನಲ್ಲಿ ರೋಗ ಬಿದ್ದು ನನ್ನ ಹುಂಜಗಳೆಲ್ಲ ಸತ್ತವು. ಒಂದು ಹೇಂಟೆ, ಏಳು ತತ್ತಿ ಉಳಿದವು. ನಮ್ಮ ಓಣಿಯಲ್ಲಿ ಯಾರ ಹೇಂಟೆ ಕಾವಿಗೆ ಕೂತರೂ ಮಗ್ಗುಲ ಮನೆಯವರು ತಮ್ಮ ತತ್ತಿ ತಂದಿಡುವುದು ರೂಢಿ. 30 ಮೀಟರ್ ಆಚೆಯ ಹಾಜಿರಾಬೀ ಎರಡು ತತ್ತಿ ಇಟ್ಟರು. ಆಗ ಅವರಲ್ಲಿದ್ದ ಹೇಂಟೆ ಅಸೀಲ್, ಹುಂಜ ಮಾತ್ರ ಫಾರಂನದು. ಆ ಎರಡಕ್ಕೆ ಇದ್ದಿಲಿನಿಂದ ಗುರುತು ಹಾಕಿದೆ. ಹೇಂಟೆ ದಿನವೂ ತತ್ತಿ ಹೊರಳಿಸುತ್ತದೆ, 21 ದಿನಕ್ಕೆ ಗುರುತು ಅಳಿಸಿಹೋಗಿತ್ತು. ಮರಿ ನೋಡಿ ಎರಡನ್ನು ಆರಿಸಿ ಹಾಜಿರಾಬೀಗೆ ಕೊಟ್ಟೆ. "ಸರಿ ನೋಡ್ಕೋರಿ ಗಂಗವ್ವಾ, ನಿಮಗ ಹುಂಜ ಉಳಿದಿಲ್ಲ" ಎಂದು ಅವರು ಹೇಳಿದ್ದರು. ನನ್ನ ಕಣ್ಣು ತಪ್ಪುವುದಿಲ್ಲ ಎಂದಿದ್ದೆ.

ಉಳಿದ ಮರಿಗಳಲ್ಲಿ ಒಂದು ಹುಂಜ ಇಟ್ಟುಕೊಂಡೆ, ಅದೇ ಹಾಜಿರಾಬೀಯ ತತ್ತಿಯದಾಗಿರಬೇಕು. ಅಲ್ಲಿಂದೀಚೆಗಿನ ಮರಿಗಳೆಲ್ಲ ಅದರವು. ಮೊದಲ ಬೆರಕೆ ನೋಡಲು ಅಸೀಲಿನ ಹಾಗೇ ಇರುತ್ತದೆ, ಮೊಮ್ಮಕ್ಕಳಲ್ಲಿ ಹೊರಬೀಳುತ್ತದೆ. ಮನೆಯಲ್ಲಿ ಚೊಕ್ಕ ಅಸೀಲ್ ಏನಾದರೂ ಉಳಿದಿದೆಯೇ ಎಂದು ಸಾಹೇಬರು ಕೇಳಿದರು. ಆ ಹಳೆಯ ಹೇಂಟೆ ಒಂದಿದೆ, ಈಗ ತತ್ತಿ ಇಡುವುದಿಲ್ಲ. ತಳಿ ನನ್ನ ಕೈಯಲ್ಲೇ ಮುಗಿಯಿತು. ನನಗೆ ಬಹಳ ದುಃಖವಾಗಿದೆ, ದಣಿವೂ ಆಗಿದೆ.

ರವಿಕಿರಣನದು ಯಾವ ತಪ್ಪೂ ಇಲ್ಲ, ಅವನನ್ನು ಬಿಡಬೇಕು. ಭಾಲಚಂದ್ರ ದೂರು ವಾಪಸ್ ಪಡೆಯಲು ಒಪ್ಪಿದ್ದಾರೆ. 12:30ಕ್ಕೆ ರವಿಕಿರಣನ ಬಳಿ ಹೋಗಿ, ತಪ್ಪು ನನ್ನದು, ಮನೆಗೆ ಹೋಗೋಣ ನಡೆ ಎಂದೆ. ಅವನು ಕೈಚೀಲ ನನ್ನ ಕೈಗೆ ಕೊಟ್ಟು, "ಕೋಳಿ ಕಾಲು ನೋಡ್ಲಕ ಇಷ್ಟು ದೂರ ಬಂದ್ರಿ ಅತ್ತಿ. ನನಗ ಒಂದ್ ಮಾತು ಕೇಳಲಿಲ್ರಿ" ಎಂದು ಹೇಳಿ ಹೊರಗೆ ಹೋದನು. ಅವನ ಮಾತನ್ನೂ ಇದರಲ್ಲಿ ಬರೆಯಬೇಕೆಂದು ನಾನೇ ಕೇಳಿಕೊಂಡಿದ್ದೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಭಾಲ್ಕಿ
ದಿನಾಂಕ: 19-07-2024
ಸಹಿ: ಗಂಗುಬಾಯಿ