ಬಾಗಿನದ ಸೋಪು

ಹೊಸಕೋಟೆಯ ಮಕ್ಕಳ ಡಾಕ್ಟರಿಗಾಗಿ ಕಾಯುತ್ತಿದ್ದ ಆಶಾರಾಣಿಗೆ ಪಕ್ಕದಲ್ಲೇ ಕೂತ ಅತ್ತೆ-ಸೊಸೆಯ ಪಿಸುಮಾತು ಕೇಳಿಸಿತು. ಅತ್ತೆಯ ಮಡಿಲಲ್ಲಿದ್ದ ಮಗುವಿನ ಬೆನ್ನು ಸುಟ್ಟಂತೆ ಕೆಂಪಾಗಿತ್ತು.

"ಬರೀ ಅರಿಶಿನ, ಕೊಬ್ಬರಿ ಎಣ್ಣೆ ಅಂತ ಸೋಪಿನ ಮೇಲೆ ಬರ್ದಿದ್ದೀಯಲ್ಲೇ ಪ್ರಮೋದಾ?"

"ಕಾಸ್ಟಿಕ್ ಸೋಡಾ ಇಲ್ದೆ ಸೋಪಾಗಲ್ಲ ಅತ್ತೆ. ಅದನ್ನ ಬರೆದ್ರೆ ಯಾರೂ ಮುಟ್ಟಲ್ಲ."

"ಅಯ್ಯೋ! ಎಷ್ಟು ಹಾಕ್ದೆ?"

"ಗೌರಿ ಹಬ್ಬದ ಅವಸರ. ತೂಕ ಮಾಡ್ಲಿಲ್ಲ... ಸಾರಿಗೆ ಉಪ್ಪು ಹಾಕ್ದಂಗೆ ಕೈ ಅಂದಾಜಲ್ಲಿ ಹಾಕ್ಬಿಟ್ಟೆ."

"ಅದನ್ನೇ ಬಾಗಿನದಲ್ಲಿಟ್ಟು ಊರಿಗೆಲ್ಲಾ ಕೊಟ್ಯಾ?"

ಸೊಸೆಯ ಫೋನು ಬಡಿದುಕೊಂಡಿತು.

"ಯಾರೇ ಅದು?"

"ಯಶಸ್ವಿನಿ... ಬಾಣಂತಿ. ಅವಳಿಗೂ ಕೊಟ್ಟಿದ್ದೆ."

"ಎತ್ತೇ!"

"ಕೈ ಬರ್ತಿಲ್ಲ ಅತ್ತೆ."

ಅಷ್ಟರಲ್ಲಿ ನರ್ಸು ಮಗುವಿನ ಹೆಸರು ಕರೆದಳು. ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿದ ಮೇಲೂ ಫೋನಿನ ಸದ್ದು ಆಶಾರಾಣಿಗೆ ಕೇಳಿಸುತ್ತಲೇ ಇತ್ತು.