ಗುಂಪಿನಲ್ಲಿ ಚೆಂದದ ಗಂಡು

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಮಗಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದ ಸ್ವರ್ಣಲತಾಳ ಪಕ್ಕದಲ್ಲೇ ಒಬ್ಬ ಅಜ್ಜಿಯೂ ಮೊಮ್ಮಗಳೂ ಫೋನಿನಲ್ಲಿದ್ದ ಒಂದು ಫೋಟೊದೊಳಗೆ ತಲೆ ತೂರಿಸಿ ಕುಳಿತಿದ್ದರು.

“ನಾಕು ಜನ ಅಣ್ತಮ್ಮಂದಿರೂ ಎಷ್ಟು ಲಕ್ಸಣವಾಗವ್ರೆ ನೋಡಮ್ಮಿ. ಸಂಜೆಯೊಳಗೆ ಒಪ್ಗೆ ಏಳ್ಬೇಕಂತೆ.”

“ಇವ್ನೊಬ್ಬನ್ನ ಬುಟ್ಟು ಮಿಕ್ಕ ಮೂವರ್ನ ಬೆರಳಲ್ಲಿ ಮುಚ್ತೀನಿ, ನೋಡಜ್ಜಿ.”

“ಅಯ್ಯೋ, ಇವ್ನ್ಯಾವನಮ್ಮಿ!”

“ಅವ್ನೇ ಗಂಡು.”

“ಬೆರಳು ತೆಗಿ, ತೆಗಿ. ಆಂ, ಈಗ ಚೆಂದಾಗವ್ನೆ.”

“ಮಿಕ್ಕೋರ್ನೂ ಒಬ್ಬೊಬ್ಬರ್ನೇ ನೋಡ್ದೆ. ಎಲ್ಲಾ ಅಂಗೇಯ.”

“ಅಂಗಾದ್ರೆ ಅಣ್ತಮ್ಮಂದಿರು ಯಾವತ್ತೂ ಬೇರೆ ಮನೆ ಮಾಡ್ಬಾರ್ದು ಅಂತ ಕರಾರು ಹಾಕನ.”

“ಆ ಗುಂಪಲ್ಲಿ ನಾನೆಲ್ಲಜ್ಜಿ ನಿಂತ್ಕೊಳ್ಳೋದು?”

“ನೀನೂ ಮಧ್ಯದಲ್ಲೇ ನಿಂತ್ಕೊ. ಒಬ್ಳೇ ಇದ್ರೆ ನೀನೂ ಅಷ್ಟಕ್ಕಷ್ಟೇ ಕಣಮ್ಮಿ.”

ತೆರಕಣಾಂಬಿ ಬಸ್ಸು ಬಂತು. ಹುಡುಗಿ ನಗುತ್ತಾ ಎದ್ದಳು.

“ಸರಿ ಅಜ್ಜಿ, ಒಪ್ಪವ್ಳೆ ಅಂತ ಅವ್ರಿಗೆ ಏಳ್ಬುಡು.”

ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡೇ ಬಸ್ಸು ಹತ್ತಿದರು.