ಎಲ್ಲಾ ಕರಾರಿನಲ್ಲೂ ಒಂದೇ ಸಾಲು

ನಿಲ್ಸು, ನಿಲ್ಸು! ಬಸ್ಸು ಹಿಡಿಯೋಳಂಗೆ ಓದ್ಬ್ಯಾಡ ಕಣೇ ರಂಗಿ. ಇನ್ನು ಮೂರು ದಿನಕ್ಕೆ ಮದ್ವಣಗಿತ್ತಿ ಆಗೋಳು, ಒಂಚೂರು ನಿಧಾನ ಕಲ್ತ್ಕೊ. ಗಂಗಣ್ಣನ ಶಾಮಿಯಾನದ ಕಾಗ್ದ ತಾನೆ ಅದು? ಮೇಲಿಂದ ಓದು. ಬಟ್ಟೇಲಿ ತೂತು ಇರಬಾರದು... ಐತಾ? ಇದ್ರೆ ತೂತಿಗೆ ಇಷ್ಟು ಅಂತ ಬಾಡಿಗೇಲಿ ಮುರ್ಕೋಬೇಕು... ಅದೂ ಐತಾ? ಸಾವಿನ ಮನೆಗೆ ಕಟ್ಟಿದ್ದ ಬಟ್ಟೆ ತರಕೂಡ್ದು... ಆಹಾ! ಆ ಒಂದು ಮಾತು ಬರೆಸೋಕೆ ಹಿಂದೂಪುರದಾಗೆ ಅವನ ಅಂಗ್ಡಿ ಮುಂದೆ ಅರ್ಧ ದಿನ ಕೂತಿದ್ದೆ. ಬಂದ ಗಿರಾಕಿಗಳೆಲ್ಲ ನನ್ನ ನೋಡ್ಕೊಂಡು ವಾಪಸ್ ಹೋಗ್ತಿದ್ರು. ಕೊನೇಗೆ ಅವನೇ "ಈಯಮ್ಮ ಎದ್ದು ಹೋದ್ರೆ ಸಾಕು ಸಾಮಿ" ಅಂತ ಬರ್ಕೊಟ್ಟ.

ಯಾಕೆ ನಗ್ತೀಯ? ನಗು, ನಗು. ಊರೇ ನಗ್ತೈತೆ, ನಿಂದೇನು. ಹೆಬ್ಬೆಟ್ಟಿನ ನರಸಕ್ಕ ಅಗ್ರಿಮೆಂಟು ಮಾಡಿಸ್ತಾಳಂತೆ! ನಿಮ್ಮಪ್ಪನೇ ಅಂದ್ನಲ್ಲ, "ಅಕ್ಕಯ್ಯಾ, ನೀನು ಮದ್ವೆ ಮಾಡ್ತಿದ್ದೀಯೋ, ಕೇಸು ನಡೆಸ್ತಿದ್ದೀಯೋ?" ಅಂತ. ಏನ್ ಮಾಡ್ಲಿ, ನಂಗೆ ಅಕ್ಷರ ಬರಲ್ಲ, ಅನುಮಾನ ಮಾತ್ರ ಚೆನ್ನಾಗ್ ಬತ್ತೈತೆ. ಅದಕ್ಕೇ ನಂದೊಂದು ಪದ್ಧತಿ. ಬರೆದೋನು ಒಂದ್ಸಲ ಓದ್ಬೇಕು. ಆಮೇಲೆ ಬಸ್‌ಸ್ಟ್ಯಾಂಡ್ ಹತ್ರ ಆ ಟೈಲರು ಓದ್ಬೇಕು. ಊರಿಗೆ ಬಂದ್ಮೇಲೆ ಇಸ್ಕೂಲ್ ಮೇಷ್ಟ್ರು ಓದ್ಬೇಕು. ಮೂರು ಬಾಯಲ್ಲೂ ಒಂದೇ ಮಾತು ಬಂದ್ರೆ ಹೆಬ್ಬೆಟ್ಟು ಒತ್ತೋದು. ಹೋದ್ ವಾರ ಆ ಟೈಲರು ಒಂದು ಸಾಲು ನುಂಗ್ಬುಟ್ಟ. ಅಬ್ಬೋ, ಗಂಗಣ್ಣನ ಹತ್ರ ಲಂಚ ತಿಂದವ್ನೆ ಅಂತ ಬಸ್‌ಸ್ಟ್ಯಾಂಡೆಲ್ಲ ಸೇರೋ ಹಂಗೆ ಕೂಗಾಡ್ದೆ. ನೋಡಿದ್ರೆ ಪಾಪ, ಕನ್ನಡಕ ಮನೇಲಿ ಬಿಟ್ಟು ಬಂದಿದ್ದ. ಆಮೇಲೆ ಸುಮ್ನೆ ಅವನ ಹತ್ರ ಒಂದು ರವಿಕೆ ಹೊಲಿಯೋಕೆ ಕೊಟ್ಟು ಬಂದೆ. ಮುಖ ಉಳಿಸ್ಕೊಬೇಕಲ್ಲ.

ಇನ್ನೊಂದು ತಗೋ. ಅಡಿಗೆ ಶಿವಯೋಗಪ್ಪಂದು. ನಾಕೇ ಆಳು ಕರ್ಕೊಂಡು ಬರ್ಬೇಕು, ಭಾವಮೈದುನನ್ನ ಕರ್ಕೊಂಡು ಬರಕೂಡ್ದು... ಹೂಂ, ಹಂಗೇ ಬರೆಸೀನಿ, ಹೆಸರು ಹಿಡಿದೇ ಬರೆಸೀನಿ! ಆ ಮನುಷ್ಯ ಸೌಟು ಹಿಡಿಯಲ್ಲ, ಸೌದೆ ಒಡಿಯಲ್ಲ. ಉಪ್ಪು ನೋಡ್ತೀನಿ ಅಂತ ಅರ್ಧ ಪಾತ್ರೆ ಪಾಯ್ಸ ಕುಡ್ದುಬುಡ್ತಾನೆ. ಪಾಯ್ಸಕ್ಕೆ ಯಾವೋನಾದ್ರೂ ಉಪ್ಪು ನೋಡ್ತಾನೇನೇ?

ಓದು, ಮುಂದಕ್ಕೋದು. ಯಾಕೆ ನಿಂತೆ?

ಓ, ಕೊನೇ ಸಾಲಾ? ಅದು ಬಿಡು. ಅದು ಎಲ್ಲಾದ್ರಲ್ಲೂ ಐತೆ. ಮದ್ವೆ ನಿಂತೋದ್ರೆ, ಮೂರು ದಿನ ಮುಂಚೆ ತಿಳಿಸಿದ್ರೆ, ಕೊಟ್ಟ ಮುಂಗಡ ಪೂರ್ತಿ ವಾಪಸ್ ಕೊಡತಕ್ಕದ್ದು. ಅಷ್ಟೇ. ಮಾಮೂಲಿ ಮಾತು.

ಅಯ್ಯೋ, ಮುಖ ಯಾಕಂಗೆ ಮಾಡ್ತೀಯ? ಅಪಶಕುನ ಅಂತೀಯಾ? ಗಂಗಣ್ಣನೂ ಅದನ್ನೇ ಅಂದ. "ಇದೇಂ ಮಾಟಕ್ಕಾ!" ಅಂತ, ಇದೆಂಥ ಮಾತು ಅಂತ, ಬಾಯಿ ಮೇಲೆ ಕೈ ಇಟ್ಕೊಂಡ. ಶುಭ ಅಂತ ಮದ್ವೆ ಮಾಡೋರು ಯಾರಾದ್ರೂ ಹಿಂಗೆ ಬರೆಸ್ತಾರಾ ಅಂತ. ಅವನಿಗೆ ಹೇಳ್ದೆ, ಸಿಡುಬು ಗಿಡುಬು ಬಂದ್ರೆ ಏನಪ್ಪಾ ಗತಿ ಅಂತ. ಶಿವಯೋಗಪ್ಪಂಗೆ ಹೇಳ್ದೆ, ಯಾರಾದ್ರೂ ಸತ್ತು ಸೂತಕ ಬಂದ್ರೆ ಅಂತ. ಗ್ಯಾಸ್‌ಲೈಟಿನೋನು ಬಲೇ ಚಾಲಾಕಿ, ಸಿಡುಬೂ ನಂಬ್ಲಿಲ್ಲ, ಸೂತಕಾನೂ ನಂಬ್ಲಿಲ್ಲ. ಅವನಿಗೆ, ಪೆನ್ನೇರು ತುಂಬಿ ಬಂದು ರಸ್ತೆ ಕಟ್ಬುಟ್ರೆ ಗಂಡಿನ ದಿಬ್ಬಣ ಹೆಂಗಪ್ಪಾ ಬರ್ಬೇಕು ಅಂದೆ. ಬಿದ್ದು ಬಿದ್ದು ನಕ್ಕ. "ಪೆನ್ನೇರಲ್ಲಿ ಹುಡುಗ್ರು ಚಿಣ್ಣಿದಾಂಡು ಆಡ್ತಾವ್ರೆ ಅಕ್ಕಾ, ನೀನು ಯಾವ ಊರೋಳು?" ಅಂದ.

ನೀನ್ಯಾಕೆ ನಗ್ಲಿಲ್ಲ? ಗ್ಯಾಸ್‌ಲೈಟಿನೋನೇ ನಕ್ಕ ಕಣೇ!

ಸರಿ ಬಿಡು. ಬ್ಯಾಂಡಿನ ಮುನೆಪ್ಪನ ಕಾಗ್ದ ತಗೋ. ಇದ್ರಲ್ಲಿ ನನ್ ಬುದ್ಧಿ ನೋಡು. ಗಂಡಿನೂರು ಕಲ್ಯಾಣದುರ್ಗ. ಅಲ್ಲೀ ಬ್ಯಾಂಡೇ ಗೊತ್ತು ಮಾಡಿದ್ರೆ ದಿಬ್ಬಣದ ಲಾರೀಲೇ ಬಂದ್ಬುಡ್ತಾರೆ, ನಮಗೆ ಬಸ್ ಚಾರ್ಜು ಉಳೀತೈತೆ! ಈ ಐಡಿಯಾ ಹೊಳೆದ ದಿನ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ, ಅಷ್ಟು ಖುಷಿ. ಬೆಳಗಾಗೆದ್ದು ಮೊದಲ್ನೇ ಬಸ್ಸಿಗೆ ಹೋಗ್ಬುಟ್ಟೆ. ಮುನೆಪ್ಪ ಒಳ್ಳೇ ಮನುಷ್ಯ. ಕಾಫಿ ತರ್ಸಿದ, ಕ್ಲಾರಿನೆಟ್ ತೋರ್ಸಿದ. ಆಮೇಲೆ...

ಆಮೇಲೇನೂ ಇಲ್ಲ. ಕರಾರು ಆಯ್ತು, ಬಂದೆ.

ಏನು ನೋಡ್ತಿದ್ದೀಯ ಆ ಮೂಲೇಲಿ? ಎಲೆನಾ? ಮುತ್ತುಗದ ಇಸ್ತ್ರೆಲೆ ಕಣೇ, ಊಟಕ್ಕೆ. ಬೆಳುಗುಪ್ಪದಲ್ಲಿ ತಿಪ್ಪಕ್ಕ ಅಂತ ಒಬ್ಬಳು ಹಚ್ಚಿ ಮಾರ್ತಾಳೆ. ಬರೋವಾಗ ಹಂಗೇ ಇಳ್ಕೊಂಡು ತಂದೆ. ಕರಾರಾ? ಅದಕ್ಕೆ ಕರಾರಿಲ್ಲ. ಎಲೆಗೆ ಯಾರು ಬರೆಸ್ತಾರೆ? ಚೌಕಾಸಿನೂ ಮಾಡ್ಲಿಲ್ಲ. ಅವಳು ಕೇಳಿದ್ದಷ್ಟು ಕೊಟ್ಟೆ.

ಯಾಕೆ? ನಾನು ಚೌಕಾಸಿ ಮಾಡ್ದೆ ಏನೂ ತರಲ್ವಾ? ಹಂಗೇನಿಲ್ಲ... ಹೋದ್ ವರ್ಷ... ಆ ಬಳೆಗಾರನ ಹತ್ರ... ಇಲ್ಲ, ಅವನ ಹತ್ರನೂ ಮಾಡಿದ್ದೆ.

ಮಾತಾಡೇ. ಬಾಯಿಗೆ ಬೀಗ ಹಾಕ್ಕೊಂಡು ನನ್ನ ಮುಖಾನೇ ನೋಡ್ತಾ ಕೂತ್ರೆ ನಾನೇನ್ ಹೇಳ್ಲಿ! ನಿಮ್ಮಜ್ಜಿನೂ ಹಿಂಗೇ ಕೂತ್ಕೊಳ್ಳೋಳು, ಕದ್ದ ಬೆಲ್ಲಾನೆಲ್ಲ ನಾವೇ ಕಕ್ಬೇಕು.

ಹೇಳ್ತೀನಿ. ಕೇಳು.

ಮುನೆಪ್ಪ ಕಾಗ್ದ ಬರೆಯೋಕೆ ಕೂತು, ಗಂಡಿನ ಮನೆ ಯಾರ್ದು ಅಂದ. ಓಬಣ್ಣಂದು ಅಂದೆ. ಪೆನ್ನು ಎತ್ಕೊಂಡು ನಕ್ಕ. "ಆ ಪಿಲ್ಲೋನಿ ಪೆಂಡ್ಲಿಕಿ ಮೇಮೇ ಗದಕ್ಕಾ ವಾಯಿಂಚಿಂದಿ" ಅಂದ. ಆ ಹುಡುಗನ ಮದ್ವೆಗೆ ನಾವೇ ತಾನೆ ನುಡಿಸಿದ್ದು, ಅಂತ. ಅಣ್ಣನ ಮದ್ವೆ ಇರ್ಬೇಕು ಕಣಪ್ಪಾ ಅಂದೆ. ಓಬಣ್ಣಂಗೆ ಒಬ್ಬನೇ ಮಗ ಅಕ್ಕಾ ಅಂದ. ಐದು ವರ್ಷ ಆಯ್ತಂತೆ. ಆವತ್ತೂ ಹೆಣ್ಣಿನ ಕಡೆಯೋರು ಬ್ಯಾಂಡಿನೋರನ್ನ ದಿಬ್ಬಣದ ಲಾರೀಲೇ ಕರೆಸ್ಕೊಂಡ್ರಂತೆ. ನೋಡು, ನನ್ನಂಥ ಜಾಣೆ ಇನ್ನೊಬ್ಬಳು ಆ ಮನೇಲೂ ಇದ್ಲು.

ಅಳ್ಬ್ಯಾಡ. ಅಳ್ತಿಲ್ವಾ? ಸರಿ. ನಾನೇ ಅಳ್ತಿರೋದು, ಬಿಡು.

ಆ ಹೆಣ್ಣೇ ತಿಪ್ಪಕ್ಕ. ಮಕ್ಕಳಾಗ್ಲಿಲ್ಲ ಅಂತ ತೌರುಮನೇಲಿ ತಂದು ಬಿಟ್ಟವ್ರೆ. ಯುಗಾದಿಗೆ ಬಂದು ಕರ್ಕೊಂಡೋಯ್ತೀವಿ ಅಂದೋರು ಎರಡು ಯುಗಾದಿ ಆದ್ರೂ ಬರ್ಲಿಲ್ಲ. ನಿಜಾನಾ ಅಂತ ನೋಡ್ಬೇಕಲ್ಲ, ನಾನು ಮೂರು ಬಾಯಲ್ಲಿ ಓದ್ಸೋಳು! ಬೆಳುಗುಪ್ಪದಾಗೆ ಇಳಿದು, ಮನೆ ಹುಡುಕ್ಕೊಂಡು ಹೋದೆ. ಜಗಲಿ ಮೇಲೆ ಕೂತು ಎಲೆ ಹಚ್ತಿದ್ಲು. ಕೊರಳಲ್ಲಿ ತಾಳಿ ಐತೆ. ನಂಗೆ ಮಜ್ಜಿಗೆ ಕೊಟ್ಲು. ಕೇಳೋಕೆ ಬಾಯೇ ಬರ್ಲಿಲ್ಲ ಕಣೇ, ಎಲೆ ಹೆಂಗೆ ನೂರಕ್ಕೆ ಅಂದೆ. ಯಾರ ಮದ್ವೆಗಕ್ಕಾ ಅಂದ್ಲು. ನಮ್ಮ ಹುಡುಗೀದು ಅಂದೆ. ಗಂಡು ಎಲ್ಲಿಯೋನು ಅಂದ್ಲು. ಮಡಕಶಿರಾದೋನು ಅಂದ್ಬುಟ್ಟೆ. "ಹುಡುಗಿ ಚೆನ್ನಾಗಿರ್ಲಿ" ಅಂತ ಹತ್ತು ಎಲೆ ಜಾಸ್ತಿ ಇಟ್ಟು ಕಟ್ಟಿದ್ಲು. ಅವಳ ಹತ್ರ ಹೆಂಗೆ ಚೌಕಾಸಿ ಮಾಡ್ಲಿ ಹೇಳು?

ಈ ಸಂಬಂಧ ತಂದೋಳು ಯಾರು? ನಾನೇ. ಗಂಡಿನ ಮನೆ ನೋಡೋಕೆ ಹೋದಾಗ ಬಾವಿ ಎಷ್ಟು ಆಳ ಅಂತ ಕೇಳ್ದೆ. ಎಮ್ಮೆ ಎಷ್ಟು ಹಾಲು ಕೊಡ್ತೈತೆ ಅಂತ ಕೇಳ್ದೆ. ಕಡ್ಲೆಕಾಯಿ ಎಷ್ಟು ಮೂಟೆ, ಹೆಂಚು ಮಂಗಳೂರುದ್ದಾ, ಎಲ್ಲಾ ಕೇಳ್ದೆ. ಹುಡುಗಂಗೆ ಒಬ್ಬಳು ಹೆಂಡ್ತಿ ಇದ್ದಾಳಾ ಅನ್ನೋದೊಂದು ಮಾತ್ರ ಕೇಳ್ಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ, ಅವರು ಒಂದು ಸುಳ್ಳೂ ಹೇಳ್ಬೇಕಾಗಿರ್ಲಿಲ್ಲ ಕಣೇ. ನಾನು ಕೇಳಿದ್ದಕ್ಕೆಲ್ಲ ನಿಜಾನೇ ಹೇಳಿದ್ರು! ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಾನೀಲಿ ಬಿತ್ತಂತೆ, ಹಂಗಾಯ್ತು ನನ್ ಬಾಳು.

ಆ ಸಾಲು ಯಾಕೆ ಬರೆಸ್ದೆ ಅಂತ ಕೇಳ್ತೀಯಾ? ಬೆಳುಗುಪ್ಪದಿಂದ ವಾಪಸ್ ಕಲ್ಯಾಣದುರ್ಗಕ್ಕೇ ಹೋಗಿ, ಮೊದ್ಲು ಮುನೆಪ್ಪನ ಕಾಗ್ದದಲ್ಲಿ ಸೇರಿಸ್ದೆ. ಆಮೇಲೆ ಎಲ್ಲಾರ ಕಾಗ್ದದಲ್ಲೂ.

ನನ್ನ ಮದ್ವೆ ನಿಂಗೆ ಗೊತ್ತಿಲ್ಲ. ಯಾರೂ ಹೇಳಲ್ಲ. ನಾಳೆ ಧಾರೆ ಅನ್ನೋವಾಗ ನಮ್ಮಪ್ಪಂಗೆ ಸುದ್ದಿ ಬಂತು, ಗಂಡಿಗೆ ಕ್ಷಯ ಐತೆ, ರಕ್ತ ಕಾರ್ತಾನೆ ಅಂತ. ನಾನು ಕದದ ಸಂದೀಲಿ ನಿಂತು ಕೇಳಿಸ್ಕೊಂಡೆ. ನಮ್ಮಪ್ಪ ಅತ್ತ. ಚೆನ್ನಾಗೇ ಅತ್ತ. ಅತ್ತು, ಮೂಗು ಒರಸ್ಕೊಂಡು, ಏನಂದ ಗೊತ್ತಾ? "ಚಪ್ಪರ ಹಾಕಾಯ್ತು, ಓಲಗದೋರಿಗೆ ಮುಂಗಡ ಕೊಟ್ಟಾಯ್ತು, ಇನ್ನೇನ್ ಮಾಡೋದು?" ಒಂದು ಚಪ್ಪರ ದಂಡ ಆಗ್ಬಾರ್ದು ಅಂತ ನನ್ನ ಧಾರೆ ಎರೆದ್ಬುಟ್ರು. ಎರಡು ವರ್ಷ ಬದುಕಿದ್ದ ಪುಣ್ಯಾತ್ಮ. ನಂಗೆ ಆವಾಗ ಹದಿನೆಂಟು.

ಅದಕ್ಕೇ ರಂಗಿ. ನಿಮ್ಮಪ್ಪನ ಬಾಯಲ್ಲಿ ಆ ಮಾತು ಬರೋಕೆ ಜಾಗ ಇರ್ಬಾರ್ದು ಅಂತ. ಎಲ್ಲಾ ಕೊಟ್ಟಾಯ್ತು, ಈಗ ಹೆಂಗೆ ನಿಲ್ಸೋದು ಅಂತ ಅಂದ್ರೆ, ತಗೋ, ಓದ್ಕೊ ಅನ್ಬೇಕು. ಶುಕ್ರವಾರ ಮದ್ವೆ. ಇವತ್ತು ಮಂಗಳವಾರ. ಹೊತ್ತು ಮುಳುಗೋದ್ರೊಳಗೆ ಹಿಂದೂಪುರದೋರಿಗೆ ಆಳು ಹೋಗ್ಬೇಕು, ಮುನೆಪ್ಪಂಗೆ ತಂತಿ ಕೊಡ್ಬೇಕು. ಹೊತ್ತು ಮೀರಿದ್ರೆ ಈ ಕಾಗ್ದಾನ ಒಲೆಗೆ ಹಾಕ್ಬೇಕಷ್ಟೆ.

ನಿಂಗೆ ಬೇಕಾ ಆ ಮನೆ? ಬೇಕು ಅಂದ್ರೆ ನಾನು ಬ್ಯಾಡ ಅನ್ನಲ್ಲ. ತಲೆ ಆದ್ರೂ ಅಲ್ಲಾಡ್ಸೇ.

ಏನದು ಬೆರಳು? ಆ ಕೊನೇ ಸಾಲಿನ ಮೇಲೆ ಯಾಕಿಟ್ಟೆ? ತೆಗಿ, ಮಸಿ ಅಂಟ್ತೈತೆ... ತೆಗಿಯಲ್ವಾ?

ಸರಿ. ಗೊತ್ತಾಯ್ತು ಕಣಮ್ಮ.

ಹಂಗಾದ್ರೆ ಏಳು. ನಿಮ್ಮಪ್ಪ ಹಟ್ಟೀಲಿ ಎತ್ತಿಗೆ ಹುಲ್ಲು ಹಾಕ್ತಾವ್ನೆ. ಹೋಗಿ ನಂಗೆ ಬ್ಯಾಡ ಅಂದ್ಬುಡು. ಹೆಂಗೋ ಗೊತ್ತಾಯ್ತು ಅನ್ನು. ಬೆಳುಗುಪ್ಪದ ಕಡೆಯೋರು ಯಾರೋ ಬಸ್ಸಲ್ಲಿ ಮಾತಾಡ್ತಿದ್ರು ಅನ್ನು. ನಾನು ಇಲ್ಲೇ ಇರ್ತೀನಿ, ಈ ಕಾಗ್ದಗಳೆಲ್ಲ ಜೋಡಿಸಿಟ್ಟು... ಹೋಗು ಮತ್ತೆ.

ಏಳಲ್ವಾ? ಯಾಕೆ ಹಂಗೆ ನೋಡ್ತೀಯ?

ಬ್ಯಾಡ ಕಣೇ, ಹಂಗೆ ನೋಡ್ಬ್ಯಾಡ.

ಮೇಷ್ಟ್ರು ಓದಿ, ಟೈಲರು ಓದಿ, ಹೆಬ್ಬೆಟ್ಟೂ ಬಿದ್ದಿರೋ ಕಾಗ್ದಾನ ನಿನ್ ಕೈಲಿ ಯಾಕೆ ಓದಿಸ್ದೆ ಅಂತ ತಾನೆ? ಹೂಂ. ಅದಕ್ಕೇ ಓದಿಸಿದ್ದು. ನೀನೇ ಕಂಡ್ಕೊಳ್ಳಲಿ, ನೀನೇ ಬಾಯಿ ಬಿಡ್ಲಿ, ನಿಮ್ಮಪ್ಪನ ಏಟು ನೀನೇ ತಿನ್ಲಿ, ನಾನು ಈ ಮನೇಲಿ ಎರಡು ಹೊತ್ತು ಮುದ್ದೆ ಉಂಡ್ಕೊಂಡು ಇದ್ಬುಡೋಣ ಅಂತ. ಸಂಬಂಧ ತಂದ ತಪ್ಪು ನನ್ನ ತಲೆ ಮೇಲೆ ಬರ್ದೇ ಇರ್ಲಿ ಅಂತ. ಗಂಗಣ್ಣನ ಮುಂದೆ ಅರ್ಧ ದಿನ ಕೂರೋ ಧೈರ್ಯ ಐತೆ, ಒಡಹುಟ್ಟಿದ ತಮ್ಮನ ಮುಂದೆ ಒಂದು ಗಳಿಗೆ ನಿಲ್ಲೋಕೆ ಇಲ್ಲ. ಥೂ ನನ್ ಜನ್ಮಕ್ಕೆ! ಹದಿನೇಳು ವರ್ಷದ ಹುಡುಗೀನ ಮುಂದಕ್ಕೆ ತಳ್ಳೋಳು ನಾನು.

ಕೊಡಿಲ್ಲಿ ಕಾಗ್ದಾನ. ಎಲ್ಲಾನೂ ಕೊಡು. ಕೈ ಹಿಡ್ಕೊ, ಏಳೋಕಾಗಲ್ಲ ಮಂಡಿ... ಹಾಂ. ನೀನು ನನ್ ಹಿಂದೆ ನಿಂತ್ಕೊ.

ಜಯರಾಮಾ! ಏ ಜಯರಾಮಾ! ಹುಲ್ಲು ಆಮೇಲೆ ಹಾಕುವಂತೆ, ಬಾ ಒಳಕ್ಕೆ. ಓಬಣ್ಣನ ಮಗನಿಗೆ ಹೆಂಡ್ತಿ ಇದ್ದಾಳೆ. ನಂಗೆ ಎಂಟು ದಿನದಿಂದ ಗೊತ್ತು.